ಕಾಕಾನ ಕಾಲದ ಸ್ಟೀಲ್-ಗಾಜಿನ ಟೀಪಾಯ್: ಮತ್ತೆ ಕ್ರೋಮ್ ಹಾಕಿಸಬೇಕಾ, ಹಾಗೇ ಬಿಡಬೇಕಾ?

ತಿಲಕವಾಡಿ_ಮನೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವಳು, ಮನೆ ತಿಲಕವಾಡಿಯಲ್ಲಿ. ನಮ್ಮ ಕಾಕಾ ಹೋದ ಆಷಾಢದಲ್ಲಿ ತೀರಿಕೊಂಡರು. ಕ್ಯಾಂಪ್‌ನಲ್ಲಿ ಅವರಿದ್ದ ಬಾಡಿಗೆ ಮನೆ ಈಗ ಬಿಡಬೇಕಾಗಿದೆ, ಕಾಕು ನಮ್ಮ ಮನೆಗೇ ಬರುತ್ತಿದ್ದಾರೆ. ಸಾಮಾನಿನಲ್ಲಿ ಅರ್ಧದಷ್ಟನ್ನು ಅವರೇ ಅವರಿವರಿಗೆ ಕೊಟ್ಟುಬಿಟ್ಟರು. ಒಂದನ್ನು ಮಾತ್ರ ಬಿಡಲ್ಲ ಅಂದರು. ಅದು ಹಾಲ್‌ನಲ್ಲಿದ್ದ ಟೀಪಾಯ್.

ಅದರ ಕಾಲುಗಳು ದಪ್ಪ ಸ್ಟೀಲ್ ಪಟ್ಟಿಯವು. ಮೇಲಿಂದ ನೋಡಿದರೆ ಗುಣಿಸುವ ಗುರುತಿನ ಹಾಗೆ ಎರಡು ಪಟ್ಟಿ ನಡುವೆ ಒಂದನ್ನೊಂದು ಹಾಯ್ದು ಹೋಗುತ್ತವೆ, ನಾಲ್ಕು ತುದಿಯಲ್ಲಿ ನೆಟ್ಟಗೆ ಕೆಳಗಿಳಿದು ಕಾಲಾಗುತ್ತವೆ. ಅದರ ಮೇಲೆ ಚೌಕ ಗಾಜು ಸುಮ್ನೆ ಇಟ್ಟಿದ್ದು, ಅಷ್ಟೇ. ಒಂದು ಮೊಳೆ ಕಾಣುವುದಿಲ್ಲ, ಒಂದು ಹೂಬಳ್ಳಿ ಕೆತ್ತನೆ ಇಲ್ಲ. ಚಿಕ್ಕವಳಿದ್ದಾಗ ಅದರ ಕೆಳಗೆ ಮಲಗಿ ಗಾಜಿನ ಮೂಲಕ ಮೇಲಿನ ಫ್ಯಾನ್ ನೋಡುತ್ತಿದ್ದೆ, ಕಾಕು ಅವಲಕ್ಕಿ ತಟ್ಟೆ ತಂದಿಟ್ಟರೆ ತಟ್ಟೆಯ ತಳ ಕಾಣುತ್ತಿತ್ತು. ಗಾಜು 3 ಅಡಿ ಚೌಕ, ದಪ್ಪ ಅರ್ಧ ಇಂಚಿಗೆ ಒಂದು ಕೂದಲು ಕಡಿಮೆ. ಅಂಚು ಹಸಿರಾಗಿ ಕಾಣುತ್ತದೆ. ಒಂದು ಮೂಲೆಯಲ್ಲಿ ಉಗುರಿನಷ್ಟು ಚಕ್ಕೆ ಎದ್ದಿದೆ. ಸ್ಟೀಲ್ ಮೇಲ್ಭಾಗ ಇನ್ನೂ ಕನ್ನಡಿಯಂತೆ ಇದೆ, ಆದರೆ ಕಾಲಿನ ಕೆಳಗಿನ ನಾಲ್ಕು ಇಂಚಿನಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಕಂದು ಚುಕ್ಕಿಗಳು.

ಅಪ್ಪ ಮೋಡ್ಕಾದವನಿಗೆ (ಗುಜರಿಯವನಿಗೆ) ಹಾಕಿಬಿಡೋಣ ಅಂತಾರೆ. ಅಂಗಡಿಯವರೊಬ್ಬರು ಫೋಟೋ ನೋಡಿ, ಇದು ಬಾರ್ಸಿಲೋನಾ ಟೇಬಲ್, ಜರ್ಮನಿ ಮಾಲು, ನಾನೇ ಒಯ್ಯುತ್ತೇನೆ ಅಂದರು. ಇನ್ನೊಬ್ಬರು ಪೂರ್ತಿ ಕ್ರೋಮ್ ತೆಗೆದು ಹೊಸದಾಗಿ ಹಾಕಿಸಿ ಅಂದರು. ಮೂರನೆಯವರು ಕಪ್ಪು ಪೌಡರ್ ಕೋಟಿಂಗ್ ಮಾಡಿಸಿದರೆ ಚೆಂದ ಅಂದರು. ಇದರ ಮೇಲೆ ಮನೆಯಲ್ಲಿ ಅಣ್ಣನ ಮಗು ಈಗಷ್ಟೇ ಏನಾದರೂ ಹಿಡಿದುಕೊಂಡು ನಿಲ್ಲಲು ಕಲಿತಿದೆ, ವೈನಿಗೆ ಆ ಗಾಜು ನೋಡಿದರೇ ಭಯ. ಕಾಕು ಏನೂ ಹೇಳುತ್ತಿಲ್ಲ, ಆದರೆ ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಇಟ್ಟಿದ್ದಾರೆ.

ಇದು ನಿಜವಾಗಿ ಬಾರ್ಸಿಲೋನಾ ಟೇಬಲ್ ಇರಬಹುದಾ? ತುಕ್ಕಿಗೆ ಏನು ಮಾಡಬೇಕು? ಗಾಜು ಹಾಗೇ ಇಟ್ಟರೆ ಮಗುವಿಗೆ ಅಪಾಯನಾ? ತಿಳಿದವರು ದಯವಿಟ್ಟು ಹೇಳಿ. ಒಮ್ಮೆ ಕೆಡಿಸಿದರೆ ಮತ್ತೆ ಸರಿ ಮಾಡಲಾಗದು ಅನ್ನುವ ಹೆದರಿಕೆ ನನಗೆ.

---

ಗುಮ್ಮಟದ_ನೆರಳು (ವಿಜಯಪುರ)

ಮೊದಲು ಒಂದು ಮಾತು, ಮೋಡ್ಕಾಗೆ ಹಾಕಬೇಡಿ. ಅಪ್ಪನವರಿಗೆ ನನ್ನ ಪರವಾಗಿ ಕೈಮುಗಿದು ಹೇಳಿ.

ನಾನು ಹುಡುಗರಿಗೆ ಆರ್ಕಿಟೆಕ್ಚರ್ ಪಾಠ ಹೇಳುತ್ತೇನೆ, ಈ ಟೇಬಲ್ಲಿನ ಚಿತ್ರ ಪ್ರತಿ ವರ್ಷ ತೋರಿಸುತ್ತೇನೆ. ನೀವು ಹೇಳಿದ ಆಕಾರ ಜರ್ಮನಿಯ ಆರ್ಕಿಟೆಕ್ಟ್ ಮೀಸ್ ವಾನ್ ಡೆರ್ ರೋ ಅವರದ್ದು, ಅದರಲ್ಲಿ ಅನುಮಾನ ಇಲ್ಲ. ಅವರು 1929ರಲ್ಲಿ ಬಾರ್ಸಿಲೋನಾದ ದೊಡ್ಡ ವಸ್ತುಪ್ರದರ್ಶನದಲ್ಲಿ ಜರ್ಮನಿಯ ಮಂಟಪ ಕಟ್ಟಿದರು, ಅಲ್ಲಿಗಾಗಿ ಲಿಲ್ಲಿ ರೈಖ್ ಜೊತೆ ಸೇರಿ ಆ ಪ್ರಸಿದ್ಧ ಚರ್ಮದ ಕುರ್ಚಿ ಮಾಡಿದರು. ಆ ಕುರ್ಚಿಯಿಂದಲೇ ಟೇಬಲ್ಲಿಗೂ ಬಾರ್ಸಿಲೋನಾ ಅಂತ ಹೆಸರು ಅಂಟಿಕೊಂಡಿತು. ನಿಜವಾಗಿ ಈ ಗಾಜಿನ ಟೀಪಾಯ್ ಮಾಡಿದ್ದು 1930ರ ಹೊತ್ತಿಗೆ, ಈಗಿನ ಚೆಕ್ ದೇಶದ ಬ್ರನೋ ಊರಲ್ಲಿ ತುಗೆಂಡ್‌ಹಾಟ್ ಎಂಬ ಕುಟುಂಬಕ್ಕೆ ಅವರು ಕಟ್ಟಿಕೊಟ್ಟ ಮನೆಗಾಗಿ. ಆಮೇಲೆ ಅಮೆರಿಕದ ನೋಲ್ ಕಂಪನಿ ಅದನ್ನು ಮಾಡಿ ಮಾರುತ್ತಾ ಬಂದಿದೆ.

ಆ ಕಾಲದಲ್ಲಿ ಮನೆಯೊಳಗೆ ಲೋಹ ತಂದದ್ದೇ ದೊಡ್ಡ ಸಂಗತಿ. ಜರ್ಮನಿಯ ಬೌಹೌಸ್ ಎಂಬ ವಿನ್ಯಾಸದ ಶಾಲೆ ಶುರುವಾಗಿದ್ದು 1919ರಲ್ಲಿ. ಅಲ್ಲಿದ್ದ ಮಾರ್ಸೆಲ್ ಬ್ರಾಯರ್ ತನ್ನ ಸೈಕಲ್ಲಿನ ಹ್ಯಾಂಡಲ್ ನೋಡಿ, ಇಷ್ಟು ಹಗುರ ಪೈಪು ಇಷ್ಟು ಭಾರ ತಡೆಯುತ್ತದೆ ಅಂದರೆ ಕುರ್ಚಿ ಯಾಕೆ ಮಾಡಬಾರದು ಅಂತ 1925ರಲ್ಲಿ ಪೈಪು ಬಗ್ಗಿಸಿ ಕುರ್ಚಿ ಮಾಡಿದರು. ಮೀಸ್ ಅವರ ಈ ಟೀಪಾಯ್ ಪೈಪಿನದ್ದಲ್ಲ, ಗಟ್ಟಿ ಪಟ್ಟಿಯದ್ದು. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಅನ್ನುವುದನ್ನು ಗಾಜಿನ ಮೂಲಕ ನೀವೇ ನೋಡಬಹುದು. ನಮ್ಮ ಗೋಳಗುಮ್ಮಟದ ಒಳಗೆ ನಿಂತು ತಲೆ ಎತ್ತಿದರೆ ಕಮಾನುಗಳು ಒಂದನ್ನೊಂದು ಹಾಯ್ದು ಆ ದೊಡ್ಡ ಗುಮ್ಮಟವನ್ನು ಹೊತ್ತಿರುವುದು ಕಾಣುತ್ತದಲ್ಲ, ಹಾಗೇ. ಮುಚ್ಚಿಟ್ಟಿದ್ದು ಏನೂ ಇಲ್ಲ. ಅದಕ್ಕೇ ನಿಮಗೆ ಚಿಕ್ಕವಳಿದ್ದಾಗ ಅದರ ಕೆಳಗೆ ಮಲಗಬೇಕು ಅನ್ನಿಸಿದ್ದು, ನನಗೆ ಹಾಗನ್ನಿಸುತ್ತದೆ.

ಆದರೆ ನಿಮ್ಮದು ನೋಲ್‌ನವರು ಮಾಡಿದ್ದಾ ಅಂದರೆ, ಅಳತೆ ಹೊಂದುತ್ತಿಲ್ಲ. ಅವರ ಗಾಜು ಸುಮಾರು 40 ಇಂಚು ಚೌಕ, ಮುಕ್ಕಾಲು ಇಂಚು ದಪ್ಪ. ನಿಮ್ಮದು 36 ಇಂಚು, ಅರ್ಧ ಇಂಚಿಗೂ ಕಡಿಮೆ. ನಿಮ್ಮ ಕಾಕಾನ ಕಾಲದಲ್ಲಿ ಹೊರದೇಶದ ಸಾಮಾನು ತರಿಸುವುದು ಬಹಳ ಕಷ್ಟ ಇತ್ತು, ಲೈಸೆನ್ಸ್ ಬೇಕು, ಮೇಲೆ ಸುಂಕ. ಹಾಗಾಗಿ ಇಲ್ಲಿಯ ವರ್ಕ್‌ಶಾಪಿನಲ್ಲೇ ಯಾರೋ ಮಾಡಿರುವ ಸಾಧ್ಯತೆ ಜಾಸ್ತಿ. ಕಡಿಮೆ ಅಂತ ತಿಳಿಯಬೇಡಿ. ಏನೇ ಮಾಡಿ, ಗಾಜು ಮಾತ್ರ ಬದಲಿಸಬೇಡಿ. ಅದು ಅದರ ಜೊತೆಗೇ ಹುಟ್ಟಿದ್ದು.

---

ಉದ್ಯಮಬಾಗ್_ಬಫಿಂಗ್ (ಬೆಳಗಾವಿ)

ಅಕ್ಕಾರೆ, ನಾನು 22 ವರ್ಷ ಬಫಿಂಗ್ (ಲೋಹ ಉಜ್ಜಿ ಹೊಳಪು ಕೊಡುವ) ಚಕ್ರದ ಮುಂದೆ ನಿಂತವನು. ಸ್ಟೀಲ್ ವಿಷಯ ನಾನು ಹೇಳುತ್ತೇನೆ.

ಮೊದಲು ಒಂದು ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಒಳಗೆ ಸಾದಾ ಉಕ್ಕು, ಮೇಲೆ ಕ್ರೋಮ್. ಅಂಟದಿದ್ದರೆ 304 ಸ್ಟೇನ್‌ಲೆಸ್ ಅಥವಾ ಹಿತ್ತಾಳೆ ಇರಬಹುದು. ನೀವು ಹೇಳುವ ಸೂಜಿ ಚುಕ್ಕಿ ಕೇಳಿದರೆ ಕ್ರೋಮ್ ಅಂತಲೇ ನನ್ನ ಲೆಕ್ಕ.

ಜನ ಕ್ರೋಮ್ ಅಂದರೆ ದಪ್ಪ ಪದರ ಅಂದುಕೊಳ್ಳುತ್ತಾರೆ. ಹಾಗಲ್ಲ. ಕೆಳಗೆ ಒಳ್ಳೆ ಕೆಲಸದಲ್ಲಿ ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕಿಂತ ಮೇಲೆ ಕ್ರೋಮ್. ನಿಕ್ಕಲ್ 10ರಿಂದ 30 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಇರುತ್ತದೆ, ತುಕ್ಕು ತಡೆಯುವುದು ಅದೇ. ಮೇಲಿನ ಕ್ರೋಮ್ ಅರ್ಧ ಮೈಕ್ರಾನ್ ಇದ್ದರೆ ಹೆಚ್ಚು, ಅಂದರೆ ತಲೆಕೂದಲಿನ ದಪ್ಪವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೂ ಕಡಿಮೆ. ಅದು ನೀಲಿ ಹೊಳಪಿಗೆ ಮತ್ತು ಗೀರು ಬೀಳದಿರಲು. ಆ ಪದರಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳಿರುತ್ತವೆ. ನೀರು ಅಲ್ಲಿಂದ ಇಳಿದು ಕೆಳಗಿನ ಉಕ್ಕು ಮುಟ್ಟಿದರೆ ತುಕ್ಕು ಮೇಲಕ್ಕೆ ಉಕ್ಕುತ್ತದೆ. ನಿಮ್ಮದು ಕೆಳಗಿನ ನಾಲ್ಕು ಇಂಚಿನಲ್ಲಿ ಮಾತ್ರ ಯಾಕೆ ಅಂದರೆ, ನೆಲ ಒರೆಸುವ ನೀರು. 40 ವರ್ಷ ದಿನಾ ಫಿನಾಯಿಲ್ ಹಾಕಿದ ಒದ್ದೆ ಬಟ್ಟೆ ತಾಗಿದೆ. ಮೇಲೆ ನಮ್ಮ ಬೆಳಗಾವಿ ಮಳೆಗಾಲ, ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ.

ಈಗ ಮದ್ದು ಹೇಳುತ್ತೇನೆ, ದುಬಾರಿ ಏನಲ್ಲ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಒಂದು ತುಂಡು ಹರಿದು ಉಂಡೆ ಮಾಡಿ, ನೀರಲ್ಲಿ ಅದ್ದಿ, ಚುಕ್ಕಿಗಳ ಮೇಲೆ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆತ್ತಗಿನ ಲೋಹ, ಕ್ರೋಮ್ ಗೀಚುವುದಿಲ್ಲ, ತುಕ್ಕು ಮಾತ್ರ ಕಿತ್ತು ಬರುತ್ತದೆ. ಕಂದು ಕೆಸರು ಏಳುತ್ತದೆ, ಒರೆಸಿ, ಮತ್ತೆ ಉಜ್ಜಿ. ಮೊದಲು ಒಂದೇ ಕಾಲಿನ ಒಳಬದಿಯಲ್ಲಿ ಮಾಡಿ ನೋಡಿ. ಕ್ರೋಮ್ ಈಗಾಗಲೇ ಹೊಪ್ಪಳೆ ಎದ್ದ ಕಡೆ ಉಜ್ಜಬೇಡಿ, ಅದು ಕಿತ್ತು ಬರುತ್ತದೆ. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ ಅರ್ಧ ಗಂಟೆ ಬಿಸಿಲಿಗೆ ಇಡಿ. ಕೊನೆಗೆ ಕಾರಿಗೆ ಹಚ್ಚುವ ಮೇಣ ತೆಳ್ಳಗೆ ಹಚ್ಚಿ. ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ. ಕಾಲಿನ ತಳಕ್ಕೆ ಫೆಲ್ಟ್ ಅಥವಾ ರಬ್ಬರ್ ಬಿಲ್ಲೆ ಅಂಟಿಸಿ, ನೆಲದಿಂದ ಒಂದಿಷ್ಟು ಮೇಲಿರಲಿ.

ಹುಣಸೆಹಣ್ಣು, ನಿಂಬೆಹಣ್ಣು ಹತ್ತಿರ ತರಬೇಡಿ. ಹಿತ್ತಾಳೆ ಪಾತ್ರೆಗೆ ಅದು ಸರಿ. ಇಲ್ಲಿ ಹುಳಿ ಆ ತೂತಿನೊಳಗೆ ಇಳಿದು ಕೂತರೆ ಇನ್ನೂ ಹೆಚ್ಚು ತುಕ್ಕು. ವಿಭೂತಿ, ಬೂದಿ ಕೂಡ ಬೇಡ, ಕನ್ನಡಿ ಹೊಳಪು ಮಂಕಾಗುತ್ತದೆ.

ಮತ್ತೆ ಕ್ರೋಮ್ ಹಾಕಿಸುವುದು ನನ್ನ ಹೊಟ್ಟೆಪಾಡಿನ ಕೆಲಸ, ಆದರೂ ಬೇಡ ಅನ್ನುತ್ತೇನೆ. ಹಳೆ ಕ್ರೋಮ್, ನಿಕ್ಕಲ್ ಎಲ್ಲ ಇಳಿಸಿ, ಉಕ್ಕನ್ನು ಬಫ್ ಮಾಡಿ, ಮತ್ತೆ ಪದರ ಪದರ ಹತ್ತಿಸಬೇಕು. ಬಫಿಂಗ್ ಚಕ್ರ ಮೊದಲು ತಿನ್ನುವುದೇ ಅಂಚನ್ನು. ನಿಮ್ಮ ಪಟ್ಟಿಯ ಅಂಚು ಚಾಕುವಿನ ಹಾಗೆ ನೆಟ್ಟಗಿದೆ ಅಂದರೆ ಅದು ಹಳೆ ಕೈಗೆಲಸ, ಒಮ್ಮೆ ದುಂಡಾದರೆ ಯಾರೂ ವಾಪಸು ತರಲಾರರು. ಪೌಡರ್ ಕೋಟಿಂಗ್ ಅಂತೂ ಬೇಡವೇ ಬೇಡ, ಕ್ರೋಮ್ ಮೇಲೆ ಅದು ಸರಿಯಾಗಿ ಹಿಡಿಯುವುದೂ ಇಲ್ಲ.

ಒಂದು ಕೆಲಸ ಮಾಡಿ. ಗಾಜು ಇಳಿಸಿ ಕಾಲನ್ನು ತಲೆಕೆಳಗೆ ಮಾಡಿ, ನಡುವೆ ಪಟ್ಟಿಗಳು ಹಾಯುವ ಕಡೆ ಕೆಳಗಿನಿಂದ ಬೋಲ್ಟ್ ಇದೆಯಾ, ಏನಾದರೂ ಗುರುತು ಇದೆಯಾ ನೋಡಿ ಹೇಳಿ.

---

ಗಾಜಿನ_ಕೆಲಸ (ವಿಜಯಪುರ)

ಗುಮ್ಮಟದ ಸರ್ ಅವರ ಮಾತಿಗೆ ಗೌರವ ಇದೆ, ಆದರೆ ಗಾಜು ಬದಲಿಸಬೇಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಮಗು ಇದೆ.

ಆ ಮೂಲೆಯ ಚಕ್ಕೆಯೇ ಒಂದು ಸುಳಿವು. ಟಫನ್ ಗಾಜು (ಕಾಯಿಸಿ ತಣಿಸಿ ಗಟ್ಟಿ ಮಾಡಿದ ಗಾಜು) ಮೂಲೆಯಲ್ಲಿ ಹಾಗೆ ಚಕ್ಕೆ ಎದ್ದು ಸುಮ್ಮನಿರುವುದು ಅಪರೂಪ, ಪೆಟ್ಟು ಸ್ವಲ್ಪ ಒಳಗೆ ಹೋದರೂ ಪೂರ್ತಿ ಗಾಜು ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಉದುರುತ್ತದೆ. ಹಾಗಾಗಿ ನಿಮ್ಮದು ಸಾದಾ ಗಾಜು. ಖಾತ್ರಿ ಬೇಕಾದರೆ ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಗಾಜಿನಲ್ಲಿ ಆಕಾಶದ ಬಿಂಬ ಬೀಳುವಂತೆ ಓರೆಯಾಗಿ ನೋಡಿ. ಟಫನ್ ಆಗಿದ್ದರೆ ಮಸುಕು ಚುಕ್ಕಿ ಅಥವಾ ಪಟ್ಟೆ ಸಾಲಾಗಿ ಕಾಣುತ್ತವೆ. ಏನೂ ಕಾಣದಿದ್ದರೆ ಸಾದಾ.

ಸಾದಾ ಗಾಜು ಒಡೆದರೆ ಉದ್ದುದ್ದ ಕತ್ತಿಯಂಥ ತುಂಡು. ಅದರಲ್ಲೂ ಚಕ್ಕೆ ಎದ್ದ ಜಾಗ ಬಹಳ ನಾಜೂಕು. ಗಾಜು ಒಡೆಯುವುದು ಯಾವಾಗಲೂ ಇಂಥ ಸಣ್ಣ ಊನದಿಂದಲೇ, ಎಳೆತ ಬಿದ್ದಾಗ ಬಿರುಕು ಅಲ್ಲಿಂದ ಓಡುತ್ತದೆ. ಒಂದು ದಿನ ಯಾರೋ ಬಿಸಿ ಪಾತ್ರೆ ಇಟ್ಟರೂ ಸಾಕು. 3 ಅಡಿ ಚೌಕ, 12 ಮಿಲಿಮೀಟರ್ ಗಾಜು ಅಂದರೆ ಸುಮಾರು 25 ಕೆಜಿ. ಲೆಕ್ಕ ಸುಲಭ, ಒಂದು ಚದರ ಮೀಟರಿಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕೆಜಿ. ಇಷ್ಟು ಭಾರ ಮಗುವಿನ ಕೈ ಅಂಚಿಗೆ ಜೋತುಬಿದ್ದಾಗ ಜಾರಿದರೆ ಏನು, ಯೋಚಿಸಿ.

ಈ ಗಾಜನ್ನೇ ಟಫನ್ ಮಾಡಿಸಬಹುದಾ ಅಂತ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಟಫನ್ ಮಾಡುವುದು ಅಂದರೆ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಎರಡೂ ಕಡೆ ಜೋರಾಗಿ ಗಾಳಿ ಬೀಸಿ ತಟ್ಟನೆ ತಣಿಸುವುದು. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದ್ದು ಆಮೇಲೆ ತಣಿದು ಅದನ್ನು ಒಳಕ್ಕೆ ಬಿಗಿಯುತ್ತದೆ. ಆ ಬಿಗಿತದಿಂದಲೇ ಅದು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಚಕ್ಕೆ ಎದ್ದ ಹಳೆ ಗಾಜು ಆ ಭಟ್ಟಿಯಲ್ಲೇ ಅಥವಾ ತಣಿಸುವಾಗಲೇ ಒಡೆಯಬಹುದು, ಯಾರೂ ಹಾಕಿಕೊಳ್ಳುವುದಿಲ್ಲ. ಹೊಸದು ಮಾಡಿಸುವುದಾದರೆ ಅಳತೆ ಮೊದಲೇ ಪಕ್ಕಾ ಮಾಡಿ. ಮೂಲೆ ದುಂಡು ಮಾಡುವುದು, ಅಂಚು ಪಾಲಿಶ್, ಎಲ್ಲ ಟಫನ್‌ಗೆ ಮುಂಚೆಯೇ ಆಗಬೇಕು. ಆಮೇಲೆ ಒಂದು ನೂಲಿನಷ್ಟೂ ಕೊಯ್ಯಲು ಬರುವುದಿಲ್ಲ, ತೂತು ಹಾಕಲೂ ಬರುವುದಿಲ್ಲ.

ಹಳೆ ಗಾಜನ್ನು ಇಟ್ಟುಕೊಳ್ಳಲೇಬೇಕು ಅಂದರೆ ಕೆಳಗಿನ ಮೈಗೆ ಸೇಫ್ಟಿ ಫಿಲ್ಮ್ ಅಂಟಿಸಬಹುದು, ಒಡೆದರೂ ತುಂಡು ಹಿಡಿದುಕೊಳ್ಳುತ್ತದೆ. ಆದರೆ ಜಾರುವುದಕ್ಕೆ ಅದು ಮದ್ದಲ್ಲ. ಯಾವ ಗಾಜು ಇಟ್ಟರೂ ಪಟ್ಟಿಯ ನಾಲ್ಕು ತುದಿಗೆ ಪಾರದರ್ಶಕ ರಬ್ಬರ್ ಬಿಲ್ಲೆ ಹಾಕಿ.

---

ಗುಮ್ಮಟದ_ನೆರಳು (ವಿಜಯಪುರ)

ಮಗು ಇರುವ ವಿಷಯ ನಾನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಒಪ್ಪಿದೆ. ಆದರೂ ಹಳೆ ಗಾಜನ್ನು ಬಿಸಾಡಬೇಡಿ. ಮಗು ದೊಡ್ಡದಾಗುವವರೆಗೆ ಕಂಬಳಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಡಿ. ಆ ಕಾಲದ ದಪ್ಪ ಗಾಜು ಈಗಿನ ಹಾಗೆ ಆಗಿರದೆಯೂ ಇರಬಹುದು. ಕರಗಿದ ತವರದ ಮೇಲೆ ತೇಲಿಸಿ ಗಾಜು ಮಾಡುವ ವಿಧಾನ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಜಗತ್ತಿಗೆ ಹೇಳಿದ್ದೇ 1959ರಲ್ಲಿ, ಅದಕ್ಕೂ ಮುಂಚೆ ಇಂಥ ದಪ್ಪ ಗಾಜನ್ನು ಎರಡೂ ಮೈ ಅರೆದು ಉಜ್ಜಿಯೇ ನಯ ಮಾಡಬೇಕಿತ್ತು.

---

ನವನಗರ_ಸೆಕ್ಟರ್ (ಬಾಗಲಕೋಟೆ)

ಕ್ರೋಮ್ ವಿಷಯಕ್ಕೆ ನನ್ನದೊಂದು ಅನುಭವ ಹೇಳಲೇಬೇಕು, ಇನ್ನೊಬ್ಬರಿಗೆ ಹಾಗಾಗಬಾರದು.

ನಮ್ಮದು ಹಳೆ ಬಾಗಲಕೋಟೆ. ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯಲ್ಲಿ ಮನೆ ಹೋಯಿತು, ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದೆವು. ಬಾಗಿಲು ಕಿಟಕಿ ಕೂಡ ಕಿತ್ತು ತಂದೆವು, ಆಗ ಎಲ್ಲರೂ ಹಾಗೇ ಮಾಡಿದ್ದು. ಅವ್ವನ ಕೋಣೆಯಲ್ಲಿ ಒಂದು ದುಂಡು ಗಾಜಿನ ಸಣ್ಣ ಟೀಪಾಯ್ ಇತ್ತು, ಬಗ್ಗಿಸಿದ ಪೈಪಿನ ಕಾಲು. ಅದೂ ಬಂತು. ಅವ್ವ ಹೋದ ಮೇಲೆ ಅದನ್ನು ಚೆಂದ ಮಾಡಿಸಬೇಕು ಅನ್ನಿಸಿ ಒಂದು ಕಡೆ ಕ್ರೋಮ್‌ಗೆ ಕೊಟ್ಟೆ. ವಾಪಸು ಬಂದಾಗ ಹೊಳಪು ನೋಡಿ ಕಣ್ಣು ತುಂಬಿತು. ಒಂದು ವರ್ಷ ಆಗಿರಲಿಲ್ಲ, ಬಾಗಿದ ಜಾಗದಲ್ಲಿ ಒಳಗಿಂದಲೇ ತುಕ್ಕು ಒಡೆದು ಬಂತು. ಆಮೇಲೆ ಬಲ್ಲವರೊಬ್ಬರು ಹೇಳಿದರು, ಪದರ ಇಳಿಸುವ ಆಸಿಡ್ ಪೈಪಿನ ಒಳಗೆ ಹೋಗಿ ಉಳಿದಿತ್ತು, ಸರಿಯಾಗಿ ತೊಳೆದು ಒಣಗಿಸಿರಲಿಲ್ಲ. ಪೈಪು ಎಷ್ಟು ತೆಳ್ಳಗಾಗಿತ್ತೆಂದರೆ ಹೆಬ್ಬೆರಳಲ್ಲಿ ಒತ್ತಿದರೆ ತಗ್ಗು ಬೀಳುತ್ತಿತ್ತು.

ಅವ್ವ ದಿನಾ ಸಂಜೆ ಚಿಮಣಿ ಇಡುತ್ತಿದ್ದ ಕಡೆ ಮೇಲಿನ ಬಳೆಯ ಮೇಲೆ ಒಂದು ಮಂಕು ಕಲೆ ಇತ್ತು. ಅದೂ ಹೋಯಿತು. ನನಗೆ ತುಕ್ಕಿಗಿಂತ ಅದೇ ಜಾಸ್ತಿ ನೋವು. ಆ ಕಲೆ ತೆಗೆಯಿರಿ ಅಂತ ನಾನೇ ಹೇಳಿದ್ದೆ.

ತಂಗೀ, ಹಾಕಿಸಬೇಡ.

---

ಉದ್ಯಮಬಾಗ್_ಬಫಿಂಗ್ (ಬೆಳಗಾವಿ)

ನವನಗರದ ಅಣ್ಣಾವರೆ, ಓದಿ ಬಹಳ ಸಂಕಟ ಆಯಿತು. ಪೈಪಿನ ಕೆಲಸದಲ್ಲಿ ಇದು ಆಗುತ್ತದೆ. ತುದಿ ಮುಚ್ಚದೆ ತೊಟ್ಟಿಗೆ ಇಳಿಸಿದರೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಅಕ್ಕನವರದ್ದು ಗಟ್ಟಿ ಪಟ್ಟಿ, ಆ ಅಪಾಯ ಅದಕ್ಕಿಲ್ಲ, ಅದನ್ನೂ ಹೇಳಬೇಕು. ನನ್ನ ತಕರಾರು ಅಂಚಿನದ್ದು ಮಾತ್ರ.

---

ಶಹಾಪುರ_ಅಕ್ಕ (ಬೆಳಗಾವಿ)

ಟೀಪಾಯ್ ಅಂದರೆ ಟೀ ಇಡುವುದು ಅಂತ ನಾನು ಬಹಳ ದಿನ ತಿಳಿದಿದ್ದೆ. ಅದು ಹಿಂದಿಯ ತಿಪಾಯಿಯಂತೆ, ಮೂರು ಕಾಲಿನದ್ದು. ಇಂಗ್ಲಿಷಿನವರು ಇಲ್ಲಿಂದ ಒಯ್ದು ಟೀ ಜೊತೆ ಸೇರಿಸಿದರು.

ನಾನು ಹೇಳಬೇಕೆಂದದ್ದು ಬೇರೆ. ಇಲ್ಲೇ ಮಾಡಿದ್ದು ಅಂದ ತಕ್ಷಣ ಜನ ಮುಖ ಸಣ್ಣ ಮಾಡುತ್ತಾರೆ, ಅದು ಬೇಡ. ನಮ್ಮ ಅತ್ತೆ ಮೂರು ವರ್ಷ ಹಾಸಿಗೆ ಹಿಡಿದಿದ್ದರು. ಹಾಸಿಗೆಯಲ್ಲೇ ಕೂತು ಊಟ ಮಾಡಲು ಏನಾದರೂ ಬೇಕಿತ್ತು. ಮಗಳು ಒಂದು ಚಿತ್ರ ತೋರಿಸಿದಳು, ಐಲೀನ್ ಗ್ರೇ ಎಂಬ ಐರ್ಲೆಂಡಿನ ಹೆಣ್ಣುಮಗಳು 1920ರ ದಶಕದಲ್ಲಿ ಫ್ರಾನ್ಸಿನ ಕಡಲತೀರದ ತನ್ನ ಮನೆಗೆ ಮಾಡಿದ ಟೇಬಲ್. ಆ ಮನೆಯ ಹೆಸರು ಇ-1027, ಟೇಬಲ್ಲಿಗೂ ಅದೇ ಹೆಸರು. ಒಂದೇ ಕಡೆ ಕಂಬ, ಕೆಳಗೆ ತೆರೆದ ಬಳೆ, ಮೇಲೆ ದುಂಡು ಗಾಜು. ಬಳೆ ಮಂಚದ ಕೆಳಗೆ ಹೋಗುತ್ತದೆ, ಗಾಜು ಹಾಸಿಗೆಯ ಮೇಲೆ ಬರುತ್ತದೆ, ಎತ್ತರ ಹೆಚ್ಚು ಕಡಿಮೆ ಮಾಡಬಹುದು. ಹಾಸಿಗೆಯಲ್ಲೇ ನಾಷ್ಟಾ ಮಾಡುವ ತಂಗಿಗಾಗಿ ಮಾಡಿದ್ದು ಅಂತ ಹೇಳುತ್ತಾರೆ. ಅದರ ಚಿತ್ರ ಹಿಡಿದು ಇಲ್ಲಿಯ ಫ್ಯಾಬ್ರಿಕೇಶನ್‌ನವರ ಹತ್ತಿರ ಹೋದೆ. ಅವರು ಸ್ಟೇನ್‌ಲೆಸ್ ಪೈಪಿನಲ್ಲಿ ಮಾಡಿಕೊಟ್ಟರು, ಗಾಜಿನ ಬದಲು ಸ್ಟೀಲ್ ತಟ್ಟೆ ಕೂರಿಸಿದೆವು. ಅತ್ತೆ ಕೊನೆಯ ದಿನದವರೆಗೂ ಅದರ ಮೇಲೇ ಗಂಜಿ ಕುಡಿದರು, ತಾವೇ ಚಮಚ ಹಿಡಿದು. ಅದು ನಕಲು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

---

ತಿಲಕವಾಡಿ_ಮನೆ (ಬೆಳಗಾವಿ)

ಎಲ್ಲರ ಉತ್ತರ ಎರಡೆರಡು ಸಲ ಓದಿದೆ, ಕಾಕುಗೂ ಓದಿ ಹೇಳಿದೆ. ನವನಗರದ ಅಣ್ಣನವರದ್ದು ಓದುವಾಗ ಕಾಕು ಎದ್ದು ಒಳಗೆ ಹೋದರು.

ಅಯಸ್ಕಾಂತ ಟಪ್ ಅಂತ ಅಂಟಿತು. ನಿನ್ನೆ ಅಣ್ಣನೂ ನಾನೂ ಗಾಜು ಇಳಿಸಿ ಕಾಲು ತಲೆಕೆಳಗೆ ಮಾಡಿದೆವು. ಪಟ್ಟಿಗಳು ಹಾಯುವ ಜಾಗದಲ್ಲಿ ಎರಡನ್ನೂ ಅರ್ಧರ್ಧ ಕೊರೆದು ಒಂದರೊಳಗೊಂದು ಕೂರಿಸಿದ್ದಾರೆ. ಮೇಲಿನಿಂದ ಕೂಡಿದ ಗೆರೆ ಉಗುರಿಗೂ ಸಿಗುವುದಿಲ್ಲ, ಕೆಳಗಿನಿಂದ ಮಾತ್ರ ಕಾಣುತ್ತದೆ. ನಡುವೆ ಒಂದು ಬೋಲ್ಟ್. 15 ನಂಬರ್ ಪಾನಾ (ಸ್ಪ್ಯಾನರ್) ಒಳಗೆ ಹೋಗಲಿಲ್ಲ, 16 ಸಡಿಲ. ಮತ್ತೆ, ಒಂದು ಪಟ್ಟಿಯ ಮೇಲೆ ಕೂಡುವ ಜಾಗದ ಪಕ್ಕ ಎರಡು ಸಣ್ಣ ಚುಕ್ಕಿ ಕುಟ್ಟಿದ್ದಾರೆ, ಇನ್ನೊಂದು ಪಟ್ಟಿಯಲ್ಲಿ ಅದರ ಎದುರಿಗೇ ಎರಡು ಚುಕ್ಕಿ. ಇದು ಏನು? ಫೋಟೋ ಹಾಕಿದ್ದೇನೆ.

---

ಉದ್ಯಮಬಾಗ್_ಬಫಿಂಗ್ (ಬೆಳಗಾವಿ)

ಅಕ್ಕಾರೆ, ಫೋಟೋ ನೋಡಿ ಬಹಳ ಹೊತ್ತು ಸುಮ್ಮನೆ ಕೂತೆ.

ಅದು ಫಿಟ್ಟರ್ ಹಾಕಿದ ಗುರುತು. ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಲ್ಲಿ ಒಂದು ಪೆಟ್ಟು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಮಾಡುವಾಗ ಯಾವ ಪಟ್ಟಿ ಯಾವುದಕ್ಕಾದರೂ ಕೂರುತ್ತದೆ, ಚುಕ್ಕಿ ಬೇಕಾಗುವುದಿಲ್ಲ. ಒಬ್ಬನೇ ಕೂತು ಕಾನಸು (ಅರ) ಹಿಡಿದು ಅರೆದು, ತೆಗೆದು ನೋಡಿ, ಮತ್ತೆ ಅರೆದು, ಈ ಪಟ್ಟಿ ಈ ಪಟ್ಟಿಗೆ ಮಾತ್ರ ಅಂತ ಕೂರಿಸಿದಾಗ ಚುಕ್ಕಿ ಹಾಕುತ್ತಾರೆ, ಪ್ಲೇಟಿಂಗ್ ಮುಗಿದು ಬಂದ ಮೇಲೆ ಅದಲು ಬದಲು ಆಗಬಾರದು ಅಂತ. ಎರಡು ಚುಕ್ಕಿ ಅಂದರೆ ಬಹುಶಃ ಅದೇ ಹೊತ್ತಿಗೆ ಒಂದು ಚುಕ್ಕಿಯ ಇನ್ನೊಂದು ಟೀಪಾಯ್ ಕೂಡ ತಯಾರಾಗಿತ್ತು. ನಾನು ಮೊದಲು ಕೆಲಸ ಕಲಿತ ಉಸ್ತಾದರು ಹೀಗೇ ಹಾಕುತ್ತಿದ್ದರು.

ಬೋಲ್ಟ್ ಇಂಚಿನ ಲೆಕ್ಕದ್ದು. 15ಕ್ಕೂ 16ಕ್ಕೂ ನಡುವೆ ಅಂದರೆ ಇಂಗ್ಲಿಷರ ಹಳೆ ಅಳತೆಯ 5/16 ಇಂಚಿನ ವಿಟ್‌ವರ್ತ್ ಇರಬೇಕು, ತಲೆ ಹದಿನೈದೂಕಾಲು ಮಿಲಿಮೀಟರಿಗೆ ಒಂದಿಷ್ಟು ಕಡಿಮೆ ಬರುತ್ತದೆ. ಅದರ ಥ್ರೆಡ್ ಇಂಚಿಗೆ 18. ಈಗಿನ ಎಂ8 (8 ಮಿಲಿಮೀಟರಿನ) ನಟ್ ಹಾಕಿದರೆ ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ, ಜೋರು ಮಾಡಿದರೆ ಎರಡೂ ಹಾಳು. ಅದಕ್ಕೆ ಆ ಬೋಲ್ಟ್ ಕಳೆಯಬೇಡಿ, ತುಕ್ಕು ಹಿಡಿದಿದ್ದರೂ ಅದನ್ನೇ ಇಡಿ. ಮೀಟರ್ ಲೆಕ್ಕ ಬಂದ ಮೇಲೂ ನಮ್ಮ ವರ್ಕ್‌ಶಾಪುಗಳಲ್ಲಿ ಇಂಚಿನ ಬೋಲ್ಟು ಎಷ್ಟೋ ವರ್ಷ ನಡೆಯಿತು. ನನ್ನ ಪ್ರಕಾರ ಇದು ನಮ್ಮ ದೇಶದಲ್ಲೇ ಒಬ್ಬ ಒಳ್ಳೆ ಫಿಟ್ಟರ್ ಮಾಡಿದ್ದು. ಮೇಲಿನ ಗೆರೆ ಉಗುರಿಗೆ ಸಿಗುವುದಿಲ್ಲ ಅಂದಿರಲ್ಲ, ಅದನ್ನು ಮಾಡಿದ ಕೈ ದೊಡ್ಡದು. ಈಗ ಬಫಿಂಗ್‌ಗೆ ಕೊಟ್ಟರೆ ಆ ಗೆರೆ ತೆರೆದುಕೊಳ್ಳುತ್ತದೆ.

---

ಗುಮ್ಮಟದ_ನೆರಳು (ವಿಜಯಪುರ)

ಆ ಫೋಟೋ ನನ್ನ ತರಗತಿಯಲ್ಲಿ ತೋರಿಸಲು ಅನುಮತಿ ಕೊಡುತ್ತೀರಾ? ಇಷ್ಟು ವರ್ಷ ಮೀಸ್ ಅವರ ಚಿತ್ರ ಮಾತ್ರ ತೋರಿಸಿದ್ದೇನೆ. ಈ ಎರಡು ಚುಕ್ಕಿಯನ್ನೂ ಹುಡುಗರು ನೋಡಬೇಕು.

---

ತಿಲಕವಾಡಿ_ಮನೆ (ಬೆಳಗಾವಿ)

ಖಂಡಿತ ತೋರಿಸಿ ಸರ್.

ಇವತ್ತು ಕಾಕು ಬಾಯಿಬಿಟ್ಟರು. ಚುಕ್ಕಿಯ ಫೋಟೋ ದೊಡ್ಡದು ಮಾಡಿ ತೋರಿಸಿದೆ, ಅವರು ಅದನ್ನು ನೋಡಿಯೇ ಇರಲಿಲ್ಲ, ಇಷ್ಟು ವರ್ಷ ಒರೆಸಿದ್ದು ಮೇಲಿನದ್ದನ್ನು. ಮದುವೆಯಾದ ಹೊಸದರಲ್ಲಿ ಅವರು ಮುಂಬೈನಲ್ಲಿ ಗಿರಗಾಂವ್ ಕಡೆ ಇದ್ದರು. ಕಾಕಾ ಯಾವುದೋ ಪತ್ರಿಕೆಯ ಹಾಳೆ ಹರಿದುಕೊಂಡು ಒಂದು ವರ್ಕ್‌ಶಾಪಿಗೆ ಹೋಗಿ ಮಾಡಿಸಿದ್ದಂತೆ. ಪ್ರತಿ ರವಿವಾರ ನೋಡಲು ಹೋಗುತ್ತಿದ್ದರು, ಎರಡು ಮೂರು ತಿಂಗಳು ಹಿಡಿಯಿತು. ಅವರ ಗೆಳೆಯರೊಬ್ಬರೂ ಜೊತೆಗೇ ಒಂದು ಮಾಡಿಸಿದರಂತೆ. ಹಾಗಾದರೆ ಒಂದು ಚುಕ್ಕಿಯದ್ದು ಅವರ ಮನೆಗೆ ಹೋಗಿರಬೇಕು. ಉದ್ಯಮಬಾಗ್ ಅಣ್ಣಾ, ನೀವು ಹೇಳಿದ್ದು ಕೇಳಿ ಕಾಕು ನಿಮ್ಮ ಊರು, ಮನೆ ಎಲ್ಲ ವಿಚಾರಿಸಿದರು.

ಗಾಜಿನ ವಿಷಯದಲ್ಲಿ ಮಾತ್ರ ನಾವೆಲ್ಲ ತಪ್ಪು ತಿಳಿದಿದ್ದೆವು. ಇದು ಅದರ ಜೊತೆ ಹುಟ್ಟಿದ ಗಾಜಲ್ಲ! ಮೊದಲಿನ ಗಾಜು ಇದಕ್ಕಿಂತ ಅಗಲ ಇತ್ತು, ದಪ್ಪ ಇತ್ತು, ಇಬ್ಬರು ಗಂಡಸರು ಎತ್ತಬೇಕಿತ್ತು. 1983ರಲ್ಲಿ ಅವರು ಬೆಳಗಾವಿಗೆ ವಾಪಸು ಬರುವಾಗ ಸಾಮಾನು ರೈಲಿಗೆ ಹಾಕಿದರು. ಆಗ ಮೀರಜ್‌ವರೆಗೆ ದೊಡ್ಡ ಗೇಜ್, ಅಲ್ಲಿಂದ ನಮ್ಮ ಕಡೆ ಮೀಟರ್ ಗೇಜ್. ಎಲ್ಲ ಸಾಮಾನು ಮೀರಜ್‌ನಲ್ಲಿ ಇಳಿಸಿ ಇನ್ನೊಂದು ಗಾಡಿಗೆ ಏರಿಸಬೇಕು. ಅಲ್ಲೇ ಗಾಜು ಒಡೆಯಿತು. ಕಾಕು ಪ್ಲಾಟ್‌ಫಾರ್ಮ್ ಮೇಲೆ ಕೂತು ಅತ್ತಿದ್ದರಂತೆ. ಬೆಳಗಾವಿಗೆ ಬಂದ ಮೇಲೆ ಅಷ್ಟು ದಪ್ಪದ್ದು ಸಿಗಲಿಲ್ಲ, ಸಿಕ್ಕ ಈ ಗಾಜನ್ನು 3 ಅಡಿಗೆ ಕೊಯ್ಯಿಸಿ ಹಾಕಿದರು. ನಾನು ಈಗ ಅಳೆದೆ. ಪಟ್ಟಿಯ ತುದಿಗಳು ಗಾಜಿನ ಮೂಲೆಗೆ ಒಂದು ಬೆರಳಷ್ಟು ಹತ್ತಿರ ಬರುತ್ತವೆ, ಇಕ್ಕಟ್ಟಾಗಿ ಕಾಣುತ್ತದೆ. ಚಿಕ್ಕಂದಿನಿಂದ ಹಾಗೇ ನೋಡಿದ್ದರಿಂದ ನನಗೆ ಗೊತ್ತಾಗಿರಲಿಲ್ಲ.

ಹಾಗಾಗಿ ಗಾಜು ಹೊಸದು ಹಾಕಿಸುವುದು ಅಂತ ತೀರ್ಮಾನ ಆಯಿತು, ಕಾಕುನೇ ಹೇಳಿದರು. ಗಾಜಿನ ಕೆಲಸದ ಅಣ್ಣನವರೆ, 40 ಇಂಚು ಚೌಕಕ್ಕೆ 12 ಮಿಲಿಮೀಟರ್ ಟಫನ್ ಸಾಕಾ? 19 ಹಾಕಿದರೆ ಮೊದಲಿನಂತೆ ಆಗುತ್ತದೆ ಅಂತ ಕಾಕುಗೆ ಆಸೆ ಇದೆ.

---

ಗಾಜಿನ_ಕೆಲಸ (ವಿಜಯಪುರ)

ಸಾಕು. 40 ಇಂಚಿಗೆ 12ರದ್ದು ಸುಮಾರು 31 ಕೆಜಿ ಆಗುತ್ತದೆ, 19 ಹಾಕಿದರೆ 49 ಕೆಜಿ ಹತ್ತಿರ. ನಿಮ್ಮ ಮನೆಯಲ್ಲಿ ಗಾಜು ಎತ್ತಿ ಒರೆಸುವವರು ಯಾರು ಅಂತ ನೋಡಿ ನಿರ್ಧಾರ ಮಾಡಿ. ನಾನಾದರೆ 12. ಮೂಲೆ ನಾಲ್ಕನ್ನೂ ಒಂದು ರೂಪಾಯಿ ನಾಣ್ಯದಷ್ಟು ದುಂಡು ಮಾಡಿಸಿ, ಮಗುವಿನ ಹಣೆ ಸರಿಯಾಗಿ ಆ ಎತ್ತರಕ್ಕೇ ಬರುತ್ತದೆ. ಆರ್ಡರ್ ಕೊಡುವ ಮುಂಚೆ ಅಳತೆಗೆ ಒಂದು ರಟ್ಟು ಕೊಯ್ದು ಕಾಲಿನ ಮೇಲೆ ಇಟ್ಟು ಎರಡು ದಿನ ಓಡಾಡಿ ನೋಡಿ. ಗಾಜು ಬಂದಾಗ ಮೂಲೆಯಲ್ಲಿ ಟಫನ್ ಗುರುತು ಇದೆಯಾ ನೋಡಿಯೇ ತಗೊಳ್ಳಿ. ಒಯ್ಯುವಾಗ ನೆಟ್ಟಗೆ ನಿಲ್ಲಿಸಿ ಒಯ್ಯಬೇಕು, ಮಲಗಿಸಬಾರದು, ಮೂಲೆ ನೆಲಕ್ಕೆ ತಾಗಬಾರದು.

---

ತಿಲಕವಾಡಿ_ಮನೆ (ಬೆಳಗಾವಿ)

ರಟ್ಟು ಇಟ್ಟಿದ್ದೇವೆ. ವೈನಿ ಅದರ ಸುತ್ತ ಮಗುವನ್ನು ಬಿಟ್ಟು ನೋಡುತ್ತಿದ್ದಾರೆ. 12 ಅಂತ ಪಕ್ಕಾ ಆಯಿತು.

ಫಾಯಿಲ್ ಕೆಲಸ ಎರಡು ಕಾಲಿಗೆ ಮುಗಿದಿದೆ. ಒಂದು ಕಾಲಿನಲ್ಲಿ ಚುಕ್ಕಿ ಪೂರ್ತಿ ಹೋದವು, ಕೈಯಾಡಿಸಿದರೆ ಮಾತ್ರ ಸಣ್ಣ ತಗ್ಗು ತಿಳಿಯುತ್ತದೆ. ಇನ್ನೊಂದರಲ್ಲಿ ಒಂದು ಕಡೆ ಹೊಪ್ಪಳೆ ಇದೆ, ಅಲ್ಲಿ ನೀವು ಹೇಳಿದ ಹಾಗೆ ಮುಟ್ಟಲಿಲ್ಲ. ಕಾಕು ಮೋಡಾ ಪೀಠದ ಮೇಲೆ ಕೂತು ಮೂರನೆಯದನ್ನು ತಾವೇ ಉಜ್ಜುತ್ತಿದ್ದಾರೆ, ನನಗೆ ಕೊಡುತ್ತಿಲ್ಲ. ಅಪ್ಪ ಪೇಟೆಗೆ ಹೋದವರು ಕಾರಿನ ಮೇಣದ ಡಬ್ಬಿ ತಂದರು.

ಉದ್ಯಮಬಾಗ್ ಅಣ್ಣಾ, ಬೋಲ್ಟ್ ಸ್ವಲ್ಪ ಸಡಿಲ ಇದೆ, ನಮ್ಮ ಹತ್ತಿರ ಅದಕ್ಕೆ ಕೂರುವ ಪಾನಾ ಇಲ್ಲ. ಇಂಚಿನದ್ದು ನಿಮ್ಮ ಹತ್ತಿರ ಇದ್ದರೆ ಈ ರವಿವಾರ ಬರಲು ಆಗುತ್ತದಾ? ಕಾಕು ಊಟಕ್ಕೇ ಬರಬೇಕು ಅಂತ ಹೇಳಿದ್ದಾರೆ.

---

ಉದ್ಯಮಬಾಗ್_ಬಫಿಂಗ್ (ಬೆಳಗಾವಿ)

ಇದೆ, ಉಸ್ತಾದರು ಕೊಟ್ಟಿದ್ದು. ಹತ್ತು ಗಂಟೆಗೆ ಬರುತ್ತೇನೆ. ಆ ಹೊಪ್ಪಳೆಯನ್ನು ಅಲ್ಲಿಯವರೆಗೆ ಯಾರೂ ಉಗುರಲ್ಲಿ ಕೀಳಬೇಡಿ.